ಸರ್ಕಾರಿ ಶಾಲೆಯ ವಿದ್ಯುತ್ ಬಿಲ್ಲು: ರಿಯಾಯಿತಿ ದರದ ಮಿತಿ
(ಕಿಕ್ಕೇರಿ ಹೋಬಳಿಯನ್ನು ಮುಂದಿಟ್ಟುಕೊಂಡು)

ಮಂಡ್ಯ ಜಿಲ್ಲೆಯ ಶಿವನಸಮುದ್ರದಲ್ಲಿ 1902ರಲ್ಲಿ ಉತ್ಪಾದನೆಯಾದ ವಿದ್ಯುತ್ತು ಮೊದಲು ಹರಿದದ್ದು ಕೋಲಾರದ ಚಿನ್ನದ ಗಣಿಗಳಿಗೆ. ಅದೇ ಜಿಲ್ಲೆಯ ಕೃಷ್ಣರಾಜಪೇಟೆ ತಾಲ್ಲೂಕಿನ ಕಿಕ್ಕೇರಿ ಹೋಬಳಿಗೆ ಇಂದು ವಿದ್ಯುತ್ ಪೂರೈಸುತ್ತಿರುವುದು ಚಾಮುಂಡೇಶ್ವರಿ ವಿದ್ಯುತ್ ಸರಬರಾಜು ನಿಗಮ. ಇಂಥ ಹೋಬಳಿಯ ಸರ್ಕಾರಿ ಶಾಲೆಗೆ ಯೂನಿಟ್ ದರದ ರಿಯಾಯಿತಿ ಸಾಕೇ ಎಂಬುದು ಇಲ್ಲಿನ ಪ್ರಶ್ನೆ. ಸಾಲದು ಎಂಬುದು ಈ ಲೇಖನದ ವಾದ.

2003ರ ವಿದ್ಯುಚ್ಛಕ್ತಿ ಕಾಯ್ದೆಯ 62(3)ನೇ ಕಲಂ ಗ್ರಾಹಕರ ನಡುವೆ ಅನುಚಿತ ಪಕ್ಷಪಾತ ಕೂಡದೆನ್ನುತ್ತದೆ. ಆದರೆ ಬಳಕೆಯ ಉದ್ದೇಶ ನೋಡಿ ಬೇರೆ ದರ ಗೊತ್ತುಪಡಿಸಲು ಅವಕಾಶವನ್ನೂ ಕೊಡುತ್ತದೆ. ರಾಜ್ಯದ ದರಪಟ್ಟಿಗಳಲ್ಲಿ ಖಾಸಗಿ ಶಿಕ್ಷಣ ಸಂಸ್ಥೆಗಳನ್ನು ಎಲ್‌ಟಿ-2(ಬಿ) ಎಂದೂ ಅಂಗಡಿ ಮುಂಗಟ್ಟುಗಳನ್ನು ಎಲ್‌ಟಿ-3 ಎಂದೂ ವಿಂಗಡಿಸುತ್ತ ಬಂದದ್ದಕ್ಕೆ ಈ ತತ್ವವೇ ಆಧಾರ.

ಬಿಲ್ಲನ್ನು ಬಿಡಿಸಿ ನೋಡಿದರೆ ತೊಡಕು ಕಾಣುತ್ತದೆ. ಆರ್‌ಆರ್ ನಂಬರಿನ ಕೆಳಗೆ ನಿಗದಿತ ಶುಲ್ಕ, ಬಳಕೆ ಶುಲ್ಕ, ಇಂಧನ ಹೊಂದಾಣಿಕೆ ಶುಲ್ಕ, ತೆರಿಗೆ ಎಂಬ ಬಾಬತ್ತುಗಳಿರುತ್ತವೆ. ನಿಗದಿತ ಶುಲ್ಕ ಮಂಜೂರಾದ ಕಿಲೋವಾಟ್‌ಗೆ ತಕ್ಕಂತೆ ಬೀಳುತ್ತದೆ. ಬೇಸಿಗೆ ರಜೆಯಲ್ಲಿ ಶಾಲೆಗೆ ಬೀಗ ಬಿದ್ದಿದ್ದರೂ ಅದು ತಪ್ಪದು. ಹೀಗಾಗಿ ಯೂನಿಟ್ ದರ ಇಳಿದಾಗ ಲಾಭವಾಗುವುದು ಹೆಚ್ಚು ಬಳಸುವ ಸಂಸ್ಥೆಗೆ. ನಾಲ್ಕು ಫ್ಯಾನು, ಒಂದು ಕಂಪ್ಯೂಟರ್ ಇರುವ ಹಳ್ಳಿಯ ಶಾಲೆಗೆ ದಕ್ಕುವುದು ಅತ್ಯಲ್ಪ.

ಸಮಗ್ರ ಶಿಕ್ಷಣ ಯೋಜನೆಯ ಮಾನದಂಡದಂತೆ 30ರವರೆಗೆ ಮಕ್ಕಳಿರುವ ಶಾಲೆಗೆ ವರ್ಷಕ್ಕೆ 10,000 ರೂಪಾಯಿ, 31ರಿಂದ 100 ಮಕ್ಕಳಿದ್ದರೆ 25,000 ರೂಪಾಯಿ ಅನುದಾನ. ಕಲಿಕೋಪಕರಣ, ಸಣ್ಣಪುಟ್ಟ ರಿಪೇರಿ, ಸ್ವಚ್ಛತೆಯ ಜೊತೆಗೆ ಕರೆಂಟ್ ಬಿಲ್ಲೂ ಅದರಲ್ಲೇ ತೂಗಬೇಕು. ಬಾಕಿ ಉಳಿದರೆ ವಿದ್ಯುಚ್ಛಕ್ತಿ ಕಾಯ್ದೆಯ 56ನೇ ಕಲಮಿನಡಿ 15 ದಿನಗಳ ನೋಟಿಸು ಕೊಟ್ಟು ಸಂಪರ್ಕ ಕಡಿಯಬಹುದು. 2009ರ ಶಿಕ್ಷಣ ಹಕ್ಕು ಕಾಯ್ದೆಯೂ ಆಸರೆಯಾಗದು. ಅದರ ಅನುಸೂಚಿಯಲ್ಲಿ ಕುಡಿಯುವ ನೀರು, ಶೌಚಾಲಯ, ಆಟದ ಮೈದಾನ, ಗ್ರಂಥಾಲಯಗಳಿವೆ, ವಿದ್ಯುತ್ತಿನ ಪ್ರಸ್ತಾಪವಿಲ್ಲ.

ಈ ಹಿನ್ನೆಲೆಯಲ್ಲಿ 2023ರ ನವೆಂಬರ್ 1ರಂದು ಮುಖ್ಯಮಂತ್ರಿ ಸಿದ್ದರಾಮಯ್ಯನವರು ಸರ್ಕಾರಿ ಶಾಲಾ ಕಾಲೇಜುಗಳಿಗೆ ಉಚಿತ ವಿದ್ಯುತ್ ಮತ್ತು ನೀರು ಘೋಷಿಸಿದ್ದು ಸರಿಯಾದ ಹೆಜ್ಜೆ. ಹೊರೆ ಮುಖ್ಯೋಪಾಧ್ಯಾಯರ ಮೇಜಿನಿಂದ ಸರ್ಕಾರದ ಬೊಕ್ಕಸಕ್ಕೆ ವರ್ಗವಾಗಬೇಕಾದದ್ದೇ ನ್ಯಾಯ. ಆದರೆ ಘೋಷಣೆ ಬಾಳುವುದು ಹಣ ಸಂದಾಯವಾದಾಗ. ಸಹಾಯಧನವನ್ನು ಸರ್ಕಾರ ಮುಂಗಡವಾಗಿ ಪಾವತಿಸಬೇಕೆಂದು ವಿದ್ಯುಚ್ಛಕ್ತಿ ಕಾಯ್ದೆಯ 65ನೇ ಕಲಂ ವಿಧಿಸುತ್ತದೆ. ಈ ಮುಂಗಡ ವರ್ಷವರ್ಷವೂ ತಪ್ಪದೆ ಸಲ್ಲಬೇಕು. ಶಿಕ್ಷಣ ಹಕ್ಕಿನ ಅನುಸೂಚಿಗೆ ವಿದ್ಯುತ್ತೂ ಸೇರಬೇಕು.