ಕಂಡಕ್ಟರ್ ಹತ್ತಿದ ಮೆಟ್ಟಿಲುಗಳು

ಕಳೆದ ವರ್ಷ ಆಫೀಸಿನ ಹೆಲ್ತ್ ಚೆಕಪ್ ರಿಪೋರ್ಟ್ ಕೈಗೆ ಬಂದಾಗ ಅದರಲ್ಲಿ ಮೂರು ಕಡೆ ಕೆಂಪು ಅಕ್ಷರ ಇತ್ತು. ನನಗಿನ್ನೂ 34. ಡಾಕ್ಟರ್ ರಿಪೋರ್ಟ್ ನೋಡಿ ಕೇಳಿದ್ದು ಒಂದೇ ಪ್ರಶ್ನೆ: "ವ್ಯಾಯಾಮ ಏನಾದ್ರೂ ಮಾಡ್ತೀರಾ?" ನಾನು ಕೊಟ್ಟ ಉತ್ತರ ನೀವೂ ಎಲ್ಲೋ ಕೊಟ್ಟಿರ್ತೀರಿ. "ಟೈಮ್ ಎಲ್ಲಿ ಸಿಗುತ್ತೆ ಡಾಕ್ಟ್ರೇ?" ಅವರು ಸುಮ್ಮನೆ ನಕ್ಕರು. ದಿನಕ್ಕೆ ಹತ್ತು ಸಲ ಕೇಳುವ ಮಾತಿರಬೇಕು.

ಈ "ಟೈಮ್ ಇಲ್ಲ" ಅನ್ನೋದಕ್ಕೂ ಒಂದು ಇತಿಹಾಸ ಇದೆ. ಗರಡಿಮನೆಗೆ ಹೋಗುತ್ತಿದ್ದವರನ್ನು ಬಿಟ್ಟರೆ ನಮ್ಮ ಅಜ್ಜ ಅಜ್ಜಿಯರಲ್ಲಿ ಹೆಚ್ಚಿನವರು ವ್ಯಾಯಾಮಕ್ಕೆ ಅಂತ ಬೇರೆ ಟೈಮ್ ಇಟ್ಟವರಲ್ಲ. ಮೈ ದಣಿಯೋದು ಕೆಲಸದ ಒಳಗೇ ಇತ್ತು. ಅದು ಕೆಲಸದಿಂದ ಆಚೆ ಬಿದ್ದರೆ ಹೃದಯಕ್ಕೆ ಏನಾಗುತ್ತೆ ಅನ್ನೋದನ್ನು ದೊಡ್ಡ ಮಟ್ಟದಲ್ಲಿ ಲೆಕ್ಕ ಹಾಕಿ ತೋರಿಸಿದ್ದು ಲಂಡನ್ನಿನ ಸಿಟಿ ಬಸ್ಸುಗಳಲ್ಲಿ.

ಎರಡನೇ ಮಹಾಯುದ್ಧ ಮುಗಿದ ಹೊಸತು. ಬ್ರಿಟನ್ನಿನಲ್ಲಿ ನಡುವಯಸ್ಸಿನ ಗಂಡಸರು ಹೃದಯಾಘಾತದಿಂದ ಸಾಯೋದು ಹೆಚ್ಚುತ್ತಿತ್ತು. ಯಾಕೆ ಅಂತ ಯಾರಿಗೂ ಸರಿಯಾಗಿ ಗೊತ್ತಿರಲಿಲ್ಲ. ಇದರ ಬೆನ್ನು ಹತ್ತಿದವರು ಜೆರ್ರಿ ಮಾರಿಸ್. ಗ್ಲಾಸ್ಗೋದ ಬಡ ಬೀದಿಗಳಲ್ಲಿ ಬೆಳೆದ, ಯುದ್ಧಕಾಲದಲ್ಲಿ ಸೇನಾ ವೈದ್ಯರಾಗಿ ಭಾರತ ಮತ್ತು ಬರ್ಮಾದಲ್ಲಿ ದುಡಿದು ಹೋದ ಡಾಕ್ಟರ್. ಜನ ಮಾಡುವ ಕೆಲಸಕ್ಕೂ ಅವರಿಗೆ ಬರುವ ಕಾಯಿಲೆಗೂ ಸಂಬಂಧ ಇರಬಹುದು ಅನ್ನೋದು ಅವರ ಗುಮಾನಿ.

ಅದನ್ನು ಪರೀಕ್ಷೆ ಮಾಡೋಕೆ ಅವರಿಗೆ ಸಿಕ್ಕಿದ್ದು ಕೆಂಪು ಡಬಲ್ ಡೆಕರ್ ಬಸ್ಸು. ಒಂದೇ ಬಸ್ಸು, ಒಂದೇ ರೂಟು, ಹೆಚ್ಚುಕಡಿಮೆ ಒಂದೇ ವರ್ಗದ ಮನೆಗಳಿಂದ ಬಂದ ಇಬ್ಬರು ನೌಕರರು. ಡ್ರೈವರ್ ಶಿಫ್ಟಿನ ಬಹುಪಾಲು ಕೂತೇ ಇರ್ತಾನೆ. ಕಂಡಕ್ಟರ್ ಟಿಕೆಟ್ ಕೊಡ್ತಾ ಮೇಲಿನ ಅಂತಸ್ತಿಗೆ ಹತ್ತಿ ಇಳಿದು ಮಾಡ್ತಾನೆ. ದಿನಕ್ಕೆ 500ರಿಂದ 750 ಮೆಟ್ಟಿಲು. ಬೆಂಗಳೂರಿನಲ್ಲೂ ಹಿಂದೆ ಬಿಟಿಎಸ್ ಡಬಲ್ ಡೆಕರ್‌ಗಳು ಓಡುತ್ತಿದ್ದವು. ಅದರಲ್ಲಿ ಓಡಾಡಿದ ಹಿರಿಯರು ಮನೆಯಲ್ಲಿದ್ದರೆ ಕೇಳಿ, ಆ ಕಿರಿದಾದ ಮೆಟ್ಟಿಲ ಮೇಲೆ ಓಡೋ ಬಸ್ಸಲ್ಲಿ ಹತ್ತೋದು ಎಂಥ ಕಸರತ್ತು ಅಂತ ಹೇಳ್ತಾರೆ.

35ರಿಂದ 64 ವಯಸ್ಸಿನ ಸುಮಾರು 31,000 ಸಾರಿಗೆ ನೌಕರರ 1949-50ರ ದಾಖಲೆಗಳನ್ನು ಮಾರಿಸ್ ತಂಡ ಜಾಲಾಡಿತು. ಉತ್ತರ 1953ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಪ್ರಕಟವಾಯ್ತು. ವರ್ಷಕ್ಕೆ ಸಾವಿರ ಡ್ರೈವರ್‌ಗಳಲ್ಲಿ 2.7 ಜನರಿಗೆ ಹೃದ್ರೋಗ ಕಾಣಿಸಿಕೊಂಡರೆ, ಕಂಡಕ್ಟರ್‌ಗಳಲ್ಲಿ 1.9. ಕಂಡಕ್ಟರ್‌ಗಳಿಗೆ ಬಂದರೂ ತಡವಾಗಿ ಬರ್ತಿತ್ತು, ಬಂದ ಕೂಡಲೇ ಸಾಯೋರೂ ಕಡಿಮೆ.

ನಿಮಗೆ ಈಗಲೇ ಅನುಮಾನ ಬಂದಿರಬೇಕು. ಟ್ರಾಫಿಕ್ಕಿನಲ್ಲಿ ಬಸ್ ಓಡಿಸೋ ಟೆನ್ಷನ್ನೇ ಕಾರಣ ಇರಬಹುದಲ್ವಾ? ಅದಕ್ಕೆ ಉತ್ತರ ಅಂಚೆ ಇಲಾಖೆಯಲ್ಲಿ ಸಿಕ್ಕಿತು. ಕಾಲ್ನಡಿಗೆಯಲ್ಲಿ, ಸೈಕಲ್ಲಿನಲ್ಲಿ ಕಾಗದ ಹಂಚುವ ಪೋಸ್ಟ್‌ಮ್ಯಾನ್‌ಗಳಿಗಿಂತ, ಕೂತು ಕೆಲಸ ಮಾಡುವ ಗುಮಾಸ್ತರಿಗೆ, ಟೆಲಿಫೋನ್ ಆಪರೇಟರ್‌ಗಳಿಗೆ ಹೃದ್ರೋಗ ಹೆಚ್ಚು. ಅವರ್ಯಾರೂ ಸ್ಟಿಯರಿಂಗ್ ಹಿಡಿದವರಲ್ಲ.

ಇನ್ನೊಂದು ಅನುಮಾನ: ದಪ್ಪಗಿರೋರು ಡ್ರೈವರ್ ಕೆಲಸ ಆರಿಸಿಕೊಂಡಿರಬಹುದಲ್ವಾ? 1956ರಲ್ಲಿ ಇದೇ ತಂಡ ಬಸ್ ನೌಕರರಿಗೆ ಹೊಲಿಸಿದ ಯೂನಿಫಾರ್ಮಿನ ಅಳತೆಗಳನ್ನೇ ತೆಗೆದು ನೋಡಿತು. ಡ್ರೈವರ್‌ಗಳ ಪ್ಯಾಂಟಿನ ಸೊಂಟ ನಿಜಕ್ಕೂ ದೊಡ್ಡದು! ಆದರೆ ಸಣ್ಣಗಿರೋ ಕಂಡಕ್ಟರ್, ದಪ್ಪಗಿರೋ ಕಂಡಕ್ಟರ್ ಅಂತ ವಿಂಗಡಿಸಿ ಡ್ರೈವರ್‌ಗಳ ಜೊತೆ ಹೋಲಿಸಿದಾಗಲೂ ಕಂಡಕ್ಟರೇ ಸುರಕ್ಷಿತ. ಬರೀ ಸೊಂಟದ ಸುತ್ತಳತೆಯಿಂದ ಎಲ್ಲವನ್ನೂ ವಿವರಿಸೋಕೆ ಆಗಲಿಲ್ಲ.

ನನ್ನನ್ನು ಹಿಡಿದು ನಿಲ್ಲಿಸಿದ್ದು ಇಲ್ಲಿನ ಒಂದು ಸಣ್ಣ ಸಂಗತಿ. ಆ ಕಂಡಕ್ಟರ್ ಆರೋಗ್ಯಕ್ಕೆ ಅಂತ ಟೈಮ್ ಮಾಡಿಕೊಂಡಿರಲೇ ಇಲ್ಲ. ಬೆಳಗ್ಗೆ ಐದಕ್ಕೆ ಅಲಾರಂ ಇಟ್ಟುಕೊಂಡಿರಲಿಲ್ಲ, ಸಂಕಲ್ಪ ಮಾಡಿರಲಿಲ್ಲ. ಅವನ ಡ್ಯೂಟಿಯೇ ಅವನನ್ನು ಕಾಪಾಡಿತು, ಅದಕ್ಕೆ ಅವನಿಗೆ ಸಂಬಳವೂ ಸಿಕ್ಕಿತು. ಡ್ರೈವರ್ ಸೋಮಾರಿಯೇನೂ ಅಲ್ಲ, ಅವನೂ ಅಷ್ಟೇ ಗಂಟೆ ದುಡಿದವನು. ಅವನಿಗೆ ಸಿಕ್ಕಿದ್ದು ಕುರ್ಚಿ ಅಷ್ಟೇ. ನಮಗೂ ಸಿಕ್ಕಿರೋದು ಕುರ್ಚಿಯೇ.

ಮಾರಿಸ್‌ಗೂ ಇದು ಹೊಳೆದಿತ್ತು. ಮೈ ದಣಿಸುವ ಕೆಲಸಗಳು ಕಡಿಮೆಯಾಗುತ್ತಿವೆ, ಇನ್ನು ಮುಂದೆ ನೋಡಬೇಕಾದ್ದು ಕೆಲಸದ ಆಚೆಗಿನ ಹೊತ್ತನ್ನು. ಹಾಗಾಗಿ 1968ರಿಂದ 70ರವರೆಗೆ ಅವರು ನಮ್ಮಂಥವರನ್ನೇ ಹಿಡಿದರು: ಮೇಜಿನ ಮುಂದೆ ಕೂತು ಕೆಲಸ ಮಾಡುವ, 40ರಿಂದ 64 ವಯಸ್ಸಿನ 16,882 ಸರ್ಕಾರಿ ಅಧಿಕಾರಿಗಳು. ಸೋಮವಾರ ಬೆಳಗ್ಗೆ ಅವರಿಗೊಂದು ಹಾಳೆ ಕೊಟ್ಟು, ಹಿಂದಿನ ಶುಕ್ರವಾರ ಮತ್ತು ಶನಿವಾರ ಏನೇನು ಮಾಡಿದಿರಿ ಅಂತ ಐದೈದು ನಿಮಿಷದ ಲೆಕ್ಕ ಬರೆಸಿದರು. ಆಮೇಲೆ ವರ್ಷಗಟ್ಟಲೆ ಅವರ ಆರೋಗ್ಯದ ಮೇಲೆ ಕಣ್ಣಿಟ್ಟರು. ಈಜು, ತೋಟದಲ್ಲಿ ಅಗೆತದಂಥ ಮೈ ಬೆವರುವ ಕೆಲಸ ಬರೆದವರಿಗೆ ಹೃದ್ರೋಗ ಬರುವ ಸಾಧ್ಯತೆ ಉಳಿದವರದ್ದರ ಮೂರನೇ ಒಂದು ಭಾಗದಷ್ಟು ಮಾತ್ರ ಅಂತ 1973ರಲ್ಲಿ ಪ್ರಕಟವಾಯ್ತು. ಸುಮ್ಮನೆ ಅತ್ತಿತ್ತ ಓಡಾಡಿದವರಿಗೆ ಅಷ್ಟು ಲಾಭ ಕಾಣಲಿಲ್ಲ.

ಮಾರಿಸ್ ತಮ್ಮ ಲೆಕ್ಕವನ್ನು ತಾವೇ ನಂಬಿದರು. ಬೀದಿಯಲ್ಲಿ ಓಡುವ ದೊಡ್ಡವರನ್ನು ಜನ ವಿಚಿತ್ರವಾಗಿ ನೋಡುತ್ತಿದ್ದ ಕಾಲದಲ್ಲಿ ಲಂಡನ್ನಿನ ಹ್ಯಾಂಪ್‌ಸ್ಟೆಡ್ ಹೀತ್ ಬಯಲಲ್ಲಿ ಜಾಗಿಂಗ್ ಶುರು ಮಾಡಿದರು. ತೊಂಬತ್ತು ದಾಟಿದ ಮೇಲೂ ಆಫೀಸಿಗೆ ಹೋಗುತ್ತಿದ್ದ ಅವರು 2009ರಲ್ಲಿ ತೀರಿಕೊಂಡಾಗ ವಯಸ್ಸು 99.

ಇದನ್ನೆಲ್ಲ ಓದಿದ ಮೇಲೆ ಒಂದು ಸೋಮವಾರ ನಾನೂ ಹಾಳೆ ಹಿಡಿದು ಕೂತೆ. ಶುಕ್ರವಾರ, ಶನಿವಾರ, ಐದೈದು ನಿಮಿಷ. ಶುಕ್ರವಾರದ ಲೆಕ್ಕ ನೋಡಿ ಸ್ವಲ್ಪ ಸಮಾಧಾನ ಆಯ್ತು, ನಾನು ಪೂರ್ತಿ ಸುಳ್ಳು ಹೇಳಿರಲಿಲ್ಲ. ರಿಂಗ್ ರೋಡಿನಲ್ಲೇ ಎರಡೂವರೆ ಗಂಟೆ, ಕುರ್ಚಿಯಲ್ಲಿ ಒಂಬತ್ತು. ಆದರೆ ರಾತ್ರಿ ಹಾಸಿಗೆಯಲ್ಲಿ ಮೊಬೈಲ್ ಹಿಡಿದು ಒಂದು ಗಂಟೆ ಹತ್ತು ನಿಮಿಷ. ಶನಿವಾರದ್ದು ಹೇಳೋದು ಬೇಡ ಬಿಡಿ. ಬೆವರು ಬಂದದ್ದು ಎರಡು ದಿನಕ್ಕೆ ಸೊನ್ನೆ ನಿಮಿಷ.

ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ಹೇಳೋದು ವಾರಕ್ಕೆ ಕನಿಷ್ಠ 150 ನಿಮಿಷ ಸಾಧಾರಣ ವ್ಯಾಯಾಮ, ಇಲ್ಲವೇ 75 ನಿಮಿಷ ಜೋರಾದದ್ದು. ದಿನಕ್ಕೆ ಹಂಚಿದರೆ ಇಪ್ಪತ್ತೊಂದು, ಇಪ್ಪತ್ತೆರಡು ನಿಮಿಷ ಬಿರುಸಿನ ನಡಿಗೆ. ಮೊದಲೆಲ್ಲ ಒಂದೇ ಸಲಕ್ಕೆ ಹತ್ತು ನಿಮಿಷವಾದರೂ ಮಾಡಿದರೆ ಮಾತ್ರ ಲೆಕ್ಕ ಅಂತಿದ್ದರು. 2020ರಲ್ಲಿ ಆ ಷರತ್ತನ್ನು ತೆಗೆದರು. ಎರಡು ನಿಮಿಷದ ಮೆಟ್ಟಿಲೂ ಲೆಕ್ಕಕ್ಕೆ ಬರುತ್ತೆ. ಕಂಡಕ್ಟರ್ ಹತ್ತಿದ್ದೂ ಹಾಗೇ ತಾನೇ, ಬಿಡಿಬಿಡಿಯಾಗಿ.

ಅದಕ್ಕೇ ಈಗ ಎರಡು ದಾರಿ ಹಿಡಿದಿದ್ದೇನೆ. ಶನಿವಾರ, ಭಾನುವಾರ ಬೆಳಗ್ಗೆ ಕೆರೆ ಏರಿ ಮೇಲೆ ಬೆವರು ಬರುವಷ್ಟು ಬಿರುಸು ನಡಿಗೆ, ಇದು ಮೊಬೈಲಿನಿಂದ ಕಿತ್ತುಕೊಂಡ ಟೈಮ್. ಉಳಿದ ದಿನ ಡ್ಯೂಟಿಯ ಒಳಗೇ ಜಾಗ ಹುಡುಕುವುದು: ಎರಡು ಸ್ಟಾಪ್ ಮೊದಲೇ ಇಳಿಯೋದು, ಸ್ಕ್ರೀನ್ ಬೇಡದ ಮೀಟಿಂಗಿಗೆ ಇಯರ್‌ಫೋನ್ ಹಾಕಿ ನಡೆಯೋದು, ಐದನೇ ಮಹಡಿಗೆ ಮೆಟ್ಟಿಲು.

ಮೊದಲ ದಿನ ಮೆಟ್ಟಿಲು ಹುಡುಕಿದಾಗಲೇ ತಮಾಷೆ ಗೊತ್ತಾಗಿದ್ದು. ಲಿಫ್ಟು ನಾಲ್ಕು, ಫಳಫಳ ಹೊಳೆಯುತ್ತವೆ. ಮೆಟ್ಟಿಲು ಮೂಲೆಯ ಭಾರದ ಬಾಗಿಲ ಹಿಂದೆ, ಕತ್ತಲಲ್ಲಿ, ಬೋರ್ಡ್ ಮೇಲೆ 'ಫೈರ್ ಎಕ್ಸಿಟ್' ಅಂತ. ಬೆಂಕಿ ಬಿದ್ದರೆ ಮಾತ್ರ ನಾವು ಮೆಟ್ಟಿಲು ಮುಟ್ಟಬೇಕು! ಅಡ್ಮಿನ್‌ನವರಿಗೆ ಮೇಲ್ ಹಾಕಿದೆ, ನಾಲ್ಕು ಜನರ ಸಹಿ ಸೇರಿಸಿ ಮತ್ತೆ ಹಾಕಿದೆ. ಹೋದ ತಿಂಗಳು ಲೈಟ್ ಹಾಕಿಸಿದ್ದಾರೆ. ಹೊಸ ರಿಪೋರ್ಟಿನಲ್ಲಿ ಮೂರರಲ್ಲಿ ಒಂದು ಕೆಂಪು ಕಪ್ಪಾಗಿದೆ, ಇನ್ನೆರಡು ಹಾಗೇ ಇವೆ. ಬೆಳಗ್ಗೆ ಹತ್ತುವಾಗ ಈಗ ಮೆಟ್ಟಿಲಲ್ಲಿ ಬೇರೆಯವರೂ ಸಿಗ್ತಾರೆ. ಮೂರನೇ ಮಹಡಿ ಹತ್ತಿರ ಎಲ್ಲರಿಗೂ ಏದುಸಿರು, ಮಾತಿಲ್ಲ, ಒಬ್ಬರಿಗೊಬ್ಬರು ಕೈ ಎತ್ತಿ ಮುಂದೆ ಹೋಗ್ತೀವಿ.