ಟ್ಯೂಲಿಪ್ ಗೆಡ್ಡೆಯ ಆಯ್ಕೆ ಮತ್ತು ನಾಟಿ: ಒಂದು ಚಾರಿತ್ರಿಕ ಅವಲೋಕನ

ಟ್ಯೂಲಿಪ್ ಕುಲದ ಕಾಡುಪ್ರಭೇದಗಳು ಹೆಚ್ಚಾಗಿ ಕಾಣಸಿಗುವುದು ಮಧ್ಯ ಏಷ್ಯಾದ ತಿಯಾನ್ ಶಾನ್ ಮತ್ತು ಪಾಮಿರ್-ಅಲಾಯ್ ಪರ್ವತಸಾಲುಗಳಲ್ಲಿ. ಅಲ್ಲಿ ಚಳಿಗಾಲದಲ್ಲಿ ತಿಂಗಳುಗಟ್ಟಲೆ ಹಿಮ, ಬೇಸಿಗೆಯಲ್ಲಿ ಸುಡುವ ಒಣಹವೆ. ಇವೆರಡರ ನಡುವೆ ಸಿಗುವ ಕೆಲವೇ ವಾರಗಳಲ್ಲಿ ಗಿಡ ಚಿಗುರಿ, ಹೂಬಿಟ್ಟು, ಬೀಜ ಕಟ್ಟಿ, ಮುಂದಿನ ವರ್ಷಕ್ಕೆ ಬೇಕಾದ ಆಹಾರವನ್ನು ಗೆಡ್ಡೆಗೆ ತುಂಬಿಸಿ ಒಣಗಿಹೋಗುತ್ತದೆ. ಟ್ಯೂಲಿಪ್ ಬೆಳೆಸಿದ ನಾಡುಗಳೆಲ್ಲ ನಾಟಿಯ ವಿಷಯದಲ್ಲಿ ಈ ಬೆಟ್ಟಗಳ ಪಂಚಾಂಗವನ್ನೇ ಪಾಲಿಸಬೇಕಾಯಿತು. ಯಾವುದು ಒಳ್ಳೆಯ ಹೂವು ಎಂಬ ತೀರ್ಮಾನ ಮಾತ್ರ ಕಾಲಕಾಲಕ್ಕೆ ಬದಲಾಯಿತು.

ಆಯ್ಕೆಯನ್ನು ಶಾಸ್ತ್ರದ ಮಟ್ಟಕ್ಕೆ ಒಯ್ದವರು ಒಟ್ಟೊಮನ್ ತುರ್ಕರು. 16ನೆಯ ಶತಮಾನದ ಇಜ್ನಿಕ್ ಹೆಂಚುಗಳ ಮೇಲಿನ ಟ್ಯೂಲಿಪ್ ನೀಳವಾಗಿದೆ, ಅದರ ಎಸಳಿನ ತುದಿ ಸೂಜಿಯಂತೆ ಚೂಪಾಗಿದೆ. ಸುಲ್ತಾನ ಮೂರನೆಯ ಅಹ್ಮದನ ಆಳ್ವಿಕೆಯಲ್ಲಿ ಷೇಕ್ ಮೆಹಮದ್ ಲಾಲೆಜಾರಿ ಬರೆದ ಕೈಪಿಡಿ ಇದೇ ಅಭಿರುಚಿಯನ್ನು ನಿಯಮವಾಗಿಸಿತು: ಆರೂ ಎಸಳು ಒಂದೇ ಉದ್ದವಿರಬೇಕು, ನಯವಾಗಿ ಗಟ್ಟಿಯಾಗಿರಬೇಕು, ಹೂವು ನೆಟ್ಟಗೆ ನಿಲ್ಲಬೇಕು, ಎಲೆ ಹೂವನ್ನು ಮರೆಮಾಡಬಾರದು, ಪರಾಗ ಉದುರಿ ಎಸಳು ಮಾಸಬಾರದು. 1718ರಿಂದ 1730ರವರೆಗಿನ ಅವಧಿಗೆ ಇತಿಹಾಸಕಾರರು ‘ಟ್ಯೂಲಿಪ್ ಯುಗ’ ಎಂದೇ ಹೆಸರಿಟ್ಟಿದ್ದಾರೆ. ಗೆಡ್ಡೆಗಳ ಬೆಲೆ ಕೈಮೀರದಂತೆ ಸರ್ಕಾರವೇ ಆಗ ದರಪಟ್ಟಿ ಹೊರಡಿಸುತ್ತಿತ್ತು. 1730ರ ಪತ್ರೋನಾ ಹಲೀಲನ ದಂಗೆಯಲ್ಲಿ ಸುಲ್ತಾನ ಸಿಂಹಾಸನ ಕಳೆದುಕೊಂಡ, ವಜೀರ ಇಬ್ರಾಹಿಂ ಪಾಷಾ ಪ್ರಾಣವನ್ನೇ ಕಳೆದುಕೊಂಡ. ಸೂಜಿಯೆಸಳಿನ ಆ ತಳಿಗಳು ಇಂದು ಹೆಚ್ಚುಕಡಿಮೆ ಚಿತ್ರಗಳಲ್ಲಷ್ಟೇ ಉಳಿದಿವೆ.

ಯುರೋಪಿಗೆ ಟ್ಯೂಲಿಪ್ ತಂದ ಕೀರ್ತಿಯನ್ನು ಹ್ಯಾಬ್ಸ್‌ಬರ್ಗ್ ರಾಯಭಾರಿ ಬುಸ್ಬೆಕ್ ಒಬ್ಬನಿಗೇ ಕೊಡುವ ವಾಡಿಕೆಯಿದೆ. ಅದಕ್ಕೆ ಆಧಾರ ತೆಳುವಾದದ್ದು. ಗೆಡ್ಡೆಗಳು ಹಲವು ಕೈಗಳಿಂದ, ಹಲವು ದಾರಿಗಳಿಂದ ಬಂದಿರುವುದೇ ಹೆಚ್ಚು ಸಂಭವನೀಯ. ನಿಸರ್ಗವಿಜ್ಞಾನಿ ಕಾನ್ರಾಡ್ ಗೆಸ್ನರ್ 1559ರ ಏಪ್ರಿಲ್‌ನಲ್ಲಿ ಆಗ್ಸ್‌ಬರ್ಗ್‌ನ ತೋಟವೊಂದರಲ್ಲಿ ಕೆಂಪು ಟ್ಯೂಲಿಪ್ ಕಂಡು, 1561ರಲ್ಲಿ ಅದರ ವರ್ಣನೆಯನ್ನು ಪ್ರಕಟಿಸಿದ. 1562ರಲ್ಲಿ ಆಂಟ್ವರ್ಪ್‌ನ ವರ್ತಕನೊಬ್ಬ, ಬಟ್ಟೆಯ ಮೂಟೆಗಳೊಂದಿಗೆ ಬಂದ ಗೆಡ್ಡೆಗಳನ್ನು ಈರುಳ್ಳಿಯೆಂದು ತಿಳಿದು ಸುಟ್ಟು ತಿಂದು, ಉಳಿದವನ್ನು ಕೋಸಿನ ಪಾತಿಯಲ್ಲಿ ಹೂತನೆಂದು ಸಸ್ಯಶಾಸ್ತ್ರಜ್ಞ ಕ್ಲೂಸಿಯಸ್ ದಾಖಲಿಸಿದ್ದಾನೆ. ಇದೇ ಕ್ಲೂಸಿಯಸ್ 1593ರಲ್ಲಿ ಲೈಡನ್ ವಿಶ್ವವಿದ್ಯಾಲಯದ ಸಸ್ಯೋದ್ಯಾನಕ್ಕೆ ಬಂದ. ಮರುವರ್ಷ ಅಲ್ಲಿ ಟ್ಯೂಲಿಪ್ ಅರಳಿತು.

ಡಚ್ಚರು ಮೆಚ್ಚಿದ್ದು ಬೇರೆಯೇ ಬಗೆಯ ಹೂವನ್ನು. ಬಿಳಿ ಅಥವಾ ಹಳದಿ ಎಸಳಿನ ಮೇಲೆ ಕೆಂಪು, ನೇರಳೆ ಜ್ವಾಲೆಗಳೆದ್ದಂಥ ಗೆರೆಗಳಿರುವ ಹೂವು ಅವರಿಗೆ ಅತ್ಯುತ್ತಮವೆನಿಸಿತು. ‘ಸೆಂಪರ್ ಆಗಸ್ಟಸ್’ ಎಂಬ ತಳಿ ಅದರ ಶಿಖರ. ಒಂದೇ ಬಣ್ಣದ ಹೂಬಿಡುತ್ತಿದ್ದ ಗೆಡ್ಡೆ ಇದ್ದಕ್ಕಿದ್ದಂತೆ ಒಂದು ವಸಂತದಲ್ಲಿ ಹೀಗೆ ಗೆರೆಯೊಡೆಯುತ್ತಿತ್ತು. ಕಾರಣ ಯಾರಿಗೂ ತಿಳಿದಿರಲಿಲ್ಲ. ಹಾಗೆ ಬಣ್ಣ ಒಡೆದ ಗಿಡ ಸೊರಗುತ್ತದೆ ಎಂಬುದನ್ನು ಮಾತ್ರ ಕ್ಲೂಸಿಯಸ್ ಆಗಲೇ ಗಮನಿಸಿದ್ದ. ಅವನ ಅನುಮಾನ ಸಾಬೀತಾಗಲು ಮೂರು ಶತಮಾನಗಳಿಗೂ ಹೆಚ್ಚು ಕಾಲ ಹಿಡಿಯಿತು. 1928ರಲ್ಲಿ ಇಂಗ್ಲೆಂಡಿನ ಜಾನ್ ಇನ್ಸ್ ಸಂಸ್ಥೆಯ ಡೊರೊಥಿ ಕೇಲಿ, ಗೆರೆಯೊಡೆದ ಗೆಡ್ಡೆಯ ತುಣುಕನ್ನು ಆರೋಗ್ಯವಂತ ಗೆಡ್ಡೆಗೆ ಕಸಿಮಾಡಿ, ಗೆರೆ ಅಂಟುರೋಗದಂತೆ ಹರಡುವುದನ್ನು ತೋರಿಸಿಕೊಟ್ಟರು. ಅದಕ್ಕೆ ಕಾರಣ ವೈರಸ್. ಅದನ್ನು ಹೊತ್ತು ತಿರುಗುವುದು ಸಸ್ಯಹೇನು. ಎಂದರೆ 17ನೆಯ ಶತಮಾನದ ರಸಿಕರು ಚೆಲುವೆಂದು ಆರಿಸಿ ಆರಿಸಿ ಕಾಪಾಡಿದ್ದು ರೋಗವನ್ನು. ರೋಗ ತಗುಲಿದ ಗೆಡ್ಡೆ ಮರಿಗೆಡ್ಡೆ ಕೊಡುವುದೂ ಕಡಿಮೆ. ಹೀಗಾಗಿ ಬೇಡಿಕೆ ಹೆಚ್ಚಿದ ತಳಿಯೇ ವಿರಳವಾಗುತ್ತ ಹೋಯಿತು.

ಗೆಡ್ಡೆಗಳ ಬೆಲೆ ಆಕಾಶಕ್ಕೇರಿ ಕುಸಿದುಬಿದ್ದ 1636–37ರ ಪ್ರಸಿದ್ಧ ಟ್ಯೂಲಿಪ್ ಹುಚ್ಚಿನ ಬೇರು ಇಲ್ಲಿದೆ. ಗೆಡ್ಡೆಯ ವಾರ್ಷಿಕ ಚಕ್ರವನ್ನು ಬಿಟ್ಟು ನೋಡಿದರೆ ಆ ಘಟನೆ ಪೂರ್ತಿ ಅರ್ಥವಾಗುವುದಿಲ್ಲ. ಎಲೆ ಒಣಗಿದ ಮೇಲೆ, ಜೂನ್ ಹೊತ್ತಿಗೆ ಗೆಡ್ಡೆ ಅಗೆದು ತೆಗೆಯುತ್ತಾರೆ. ಶರತ್ಕಾಲದಲ್ಲಿ ಮತ್ತೆ ಹೂಳುತ್ತಾರೆ. ಕೈಯಿಂದ ಕೈಗೆ ಮಾಲು ದಾಟಬಹುದಾದದ್ದು ಬೇಸಿಗೆಯ ಆ ಕೆಲವು ತಿಂಗಳಲ್ಲಿ ಮಾತ್ರ. ಉಳಿದ ಕಾಲದಲ್ಲಿ ವ್ಯಾಪಾರ ಮಾಡಬೇಕೆಂದರೆ ಮಣ್ಣಿನೊಳಗಿರುವ, ಕಣ್ಣಿಗೆ ಕಾಣದ ಗೆಡ್ಡೆಯನ್ನು ಕಾಗದದ ಮೇಲೆ ಮಾರಬೇಕು. ಬೆಲೆಬಾಳುವ ಗೆಡ್ಡೆಯನ್ನು ಹೂಳುವಾಗಲೇ ತೂಗಿ, ‘ಆಸ್’ ಎಂಬ ಅತಿ ಚಿಕ್ಕ ತೂಕದ ಲೆಕ್ಕದಲ್ಲಿ ಬೆಲೆ ಕಟ್ಟುತ್ತಿದ್ದರು. ಭಾರ ಹೆಚ್ಚಿದಷ್ಟೂ ಮರಿಗೆಡ್ಡೆಯ ಆಸೆ ಹೆಚ್ಚು. ಹೆಂಡದಂಗಡಿಗಳಲ್ಲಿ ನಡೆಯುತ್ತಿದ್ದ ಈ ವಹಿವಾಟನ್ನು ಡಚ್ಚರೇ ‘ಗಾಳಿ ವ್ಯಾಪಾರ’ ಎಂದು ಕರೆದರು. 1637ರ ಫೆಬ್ರವರಿ 5ರಂದು ಆಲ್ಕ್‌ಮಾರ್‌ನಲ್ಲಿ, ತೀರಿಕೊಂಡ ವೌಟರ್ ವಿಂಕೆಲ್‌ನ ಅನಾಥ ಮಕ್ಕಳಿಗಾಗಿ ನಡೆದ ಗೆಡ್ಡೆಗಳ ಹರಾಜಿನಲ್ಲಿ ಸುಮಾರು 90,000 ಗಿಲ್ಡರ್ ಸಂಗ್ರಹವಾಯಿತು. ಅದೇ ವಾರ ಹಾರ್ಲೆಮ್‌ನಲ್ಲಿ ಕೊಳ್ಳುವವರೇ ಇಲ್ಲದಾದರು. 1638ರಲ್ಲಿ ಹಾರ್ಲೆಮ್ ನಗರಾಡಳಿತ, ಒಪ್ಪಿದ ಬೆಲೆಯ ಶೇ. 3.5ರಷ್ಟು ಕೊಟ್ಟು ಕರಾರಿನಿಂದ ಬಿಡಿಸಿಕೊಳ್ಳಲು ಅವಕಾಶ ಮಾಡಿಕೊಟ್ಟಿತು. ಇಡೀ ದೇಶವೇ ಬೀದಿಗೆ ಬಿತ್ತೆಂಬುದು ಲೇಖಕ ಚಾರ್ಲ್ಸ್ ಮ್ಯಾಕೇ 1841ರಲ್ಲಿ ಜನಪ್ರಿಯಗೊಳಿಸಿದ ಕಥೆ. ಇತಿಹಾಸಕಾರ್ತಿ ಆನ್ ಗೋಲ್ಡ್‌ಗಾರ್ 2007ರಲ್ಲಿ ಪ್ರಕಟಿಸಿದ ಅಧ್ಯಯನ ಆರ್ಕೈವ್‌ಗಳ ಆಧಾರದಿಂದ ಅದನ್ನು ಅಲ್ಲಗಳೆದಿದೆ. ನಷ್ಟವಾದದ್ದು ಒಂದು ಸಣ್ಣ ವಲಯಕ್ಕೆ. ಕೆಟ್ಟದ್ದು ಹೆಚ್ಚಾಗಿ ಪರಸ್ಪರ ನಂಬಿಕೆ.

18ನೆಯ ಶತಮಾನದಲ್ಲಿ ಫ್ಯಾಷನ್ ಹಯಸಿಂತ್‌ನತ್ತ ವಾಲಿತು. ಟ್ಯೂಲಿಪ್‌ಗೆ ಹೊಸ ಜೀವ ಬಂದದ್ದು 1889ರಲ್ಲಿ, ಹಾರ್ಲೆಮ್‌ನ ಕ್ರೆಲಾಗೆ ಸಂಸ್ಥೆ ಉದ್ದಕಾಂಡದ, ಏಕವರ್ಣದ ‘ಡಾರ್ವಿನ್’ ಟ್ಯೂಲಿಪ್‌ಗಳನ್ನು ಮಾರುಕಟ್ಟೆಗೆ ತಂದಾಗ. 20ನೆಯ ಶತಮಾನದ ನಡುಭಾಗದಲ್ಲಿ ಡಚ್ ತಳಿಗಾರ ಲೆಫೆಬರ್ ಇವನ್ನು ಮಧ್ಯ ಏಷ್ಯಾದ ಫೋಸ್ಟೆರಿಯಾನಾ ಪ್ರಭೇದದೊಂದಿಗೆ ಸಂಕರಗೊಳಿಸಿ ‘ಆಪೆಲ್‌ಡೋರ್ನ್’ನಂಥ ಗಟ್ಟಿ ತಳಿಗಳನ್ನು ಪಡೆದ. ಗೆರೆಯ ಮೋಹ ಹೋಗಿ, ಆರೋಗ್ಯ, ಕಾಂಡದ ಬಲ, ಅರಳುವ ಕಾಲ ಇವೇ ಆಯ್ಕೆಯ ಆಧಾರಗಳಾದವು. ಗೆರೆಯೊಡೆದ ಹಳೆಯ ತಳಿಗಳನ್ನು ಹಟಹಿಡಿದು ಉಳಿಸಿಕೊಂಡವರೂ ಉಂಟು. ಇಂಗ್ಲೆಂಡಿನ ವೇಕ್‌ಫೀಲ್ಡ್ ಟ್ಯೂಲಿಪ್ ಸಂಘ 1836ರಿಂದ ಈ ಕೆಲಸ ಮಾಡುತ್ತ ಬಂದಿದೆ.

ಬೆಟ್ಟದ ಪಂಚಾಂಗಕ್ಕೆ ವಿಜ್ಞಾನದ ವಿವರಣೆ ದೊರೆತದ್ದು 1920ರ ದಶಕದಿಂದೀಚೆಗೆ, ನೆದರ್ಲೆಂಡ್ಸಿನ ವಾಗೆನಿಂಗೆನ್‌ನಲ್ಲಿ ಸಸ್ಯಶಾಸ್ತ್ರಜ್ಞ ಬ್ಲಾವ್ ನಡೆಸಿದ ಉಷ್ಣತೆಯ ಪ್ರಯೋಗಗಳಿಂದ. ಮುಂದಿನ ವಸಂತದ ಹೂಮೊಗ್ಗು ಅಗೆದಿಟ್ಟ ಗೆಡ್ಡೆಯೊಳಗೆ ಬೇಸಿಗೆಯ ಬೆಚ್ಚಗಿನ ಹವೆಯಲ್ಲೇ ರೂಪುಗೊಳ್ಳುತ್ತದೆ. ಆದರೆ ಸುಮಾರು 9 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿನ ಚಳಿಯಲ್ಲಿ 12ರಿಂದ 16 ವಾರ ಕಳೆಯದೆ ಕಾಂಡ ಸರಿಯಾಗಿ ನೀಳವಾಗುವುದಿಲ್ಲ. ಟ್ಯೂಲಿಪ್‌ನ ತಾಯಿಗೆಡ್ಡೆ ಪ್ರತಿವರ್ಷ ಬರಿದಾಗಿ, ಅದರ ಜಾಗದಲ್ಲಿ ಹೊಸ ಗೆಡ್ಡೆಗಳು ಮೂಡುತ್ತವೆ. ತೋಟದಲ್ಲಿ ಬಿಟ್ಟ ಟ್ಯೂಲಿಪ್ ಎರಡು ಮೂರು ವರ್ಷಗಳಲ್ಲಿ ಕ್ಷೀಣಿಸುವುದಕ್ಕೆ ಇದು ಮುಖ್ಯ ಕಾರಣ; ಗೆಡ್ಡೆ ಹೀಗೆ ಬರಿದಾಗದ ಡ್ಯಾಫೊಡಿಲ್ ವರ್ಷಗಟ್ಟಲೆ ಉಳಿಯುತ್ತದೆ. ಗೆಡ್ಡೆಗಾಗಿಯೇ ಬೆಳೆಸುವ ಡಚ್ ಹೊಲಗಳಲ್ಲಿ ಅರಳಿದ ಹೂವನ್ನು ಕೂಡಲೇ ಚಿವುಟಿಹಾಕುವುದೂ ಆಹಾರವೆಲ್ಲ ಹೊಸ ಗೆಡ್ಡೆಗೆ ಸೇರಲೆಂದು.

ಇಂದಿನ ನಾಟಿಯ ಕ್ರಮ ಈ ತಿಳಿವಳಿಕೆಗೆ ಅನುಗುಣವಾಗಿದೆ. ಗೆಡ್ಡೆ ಗಟ್ಟಿಯಾಗಿ, ಕೈಗೆ ಭಾರವೆನಿಸುವಂತಿರಬೇಕು. ಕಂದು ಸಿಪ್ಪೆ ಸುಲಿದಿದ್ದರೆ ಅಡ್ಡಿಯಿಲ್ಲ, ಬುಡ ಮೆತ್ತಗಾಗಿದ್ದರೆ ಬೇಡ. ವ್ಯಾಪಾರದಲ್ಲಿ ಸುತ್ತಳತೆಯೇ ದರ್ಜೆ, 12 ಸೆಂ.ಮೀ. ಮತ್ತು ಅದಕ್ಕಿಂತ ದಪ್ಪದ್ದು ಮೇಲ್ದರ್ಜೆಯದು. ಗೆಡ್ಡೆಯ ಎತ್ತರದ ಮೂರರಷ್ಟು ಆಳದಲ್ಲಿ, ಚೂಪು ತುದಿ ಮೇಲಾಗುವಂತೆ ಇಡುತ್ತಾರೆ. ಡ್ಯಾಫೊಡಿಲ್ ಮತ್ತು ಕ್ರೋಕಸ್ ಸೆಪ್ಟೆಂಬರಿನಲ್ಲೇ ನೆಲ ಸೇರಬೇಕು. ಟ್ಯೂಲಿಪ್ ಅನ್ನು ಮಾತ್ರ ನವೆಂಬರಿನವರೆಗೆ ತಡೆದರೆ ಒಳ್ಳೆಯದು, ಮಣ್ಣು ತಣ್ಣಗಾದಷ್ಟೂ ಬೊಟ್ರೈಟಿಸ್ ಶಿಲೀಂಧ್ರದ ಕಾಟ ಕಡಿಮೆ. ನೀರು ನಿಂತರೆ ಯಾವ ಗೆಡ್ಡೆಯೂ ಉಳಿಯದು. ಹಾರ್ಲೆಮ್–ಲೈಡನ್ ನಡುವಿನ ಮರಳುದಿಬ್ಬಗಳ ಹಿಂದಿನ ಹಗುರ ನೆಲ ಗೆಡ್ಡೆಕೃಷಿಗೆ ಹೆಸರಾದದ್ದು ಅದಕ್ಕೇ.

ಭಾರತದಲ್ಲಿ ಈ ಹವೆ ಸಿಗುವುದು ಹಿಮಾಲಯದಲ್ಲಿ. ಕಾಶ್ಮೀರದ ಹಳೆಯ ಮಣ್ಣಿನ ಮಾಳಿಗೆಗಳ ಮೇಲೆ ಟ್ಯೂಲಿಪ್ ತಾನಾಗಿ ಅರಳುತ್ತಿತ್ತು. 1620ರ ಕಾಶ್ಮೀರ ಪ್ರವಾಸದ ನೆನಪಿನಲ್ಲಿ ಮೊಘಲ್ ಚಕ್ರವರ್ತಿ ಜಹಾಂಗೀರ್, ಚಿತ್ರಕಾರ ಮನ್ಸೂರ್ ಅಲ್ಲಿನ ನೂರಕ್ಕೂ ಹೆಚ್ಚು ಹೂಗಳನ್ನು ಬಿಡಿಸಿದನೆಂದು ಬರೆದಿದ್ದಾನೆ. ಮನ್ಸೂರನ ಕೆಂಪು ಟ್ಯೂಲಿಪ್ ಚಿತ್ರ ಇಂದಿಗೂ ಉಳಿದಿದೆ. ಶ್ರೀನಗರದ ಜಬರ್ವಾನ್ ತಪ್ಪಲಿನಲ್ಲಿ 2007ರಲ್ಲಿ ತೆರೆದ ಇಂದಿರಾ ಗಾಂಧಿ ಸ್ಮಾರಕ ಟ್ಯೂಲಿಪ್ ಉದ್ಯಾನ ಸುಮಾರು 30 ಹೆಕ್ಟೇರ್ ವಿಸ್ತಾರವಾಗಿದೆ. ಬೇಗ, ನಡುವೆ, ತಡವಾಗಿ ಅರಳುವ ತಳಿಗಳನ್ನು ಬೆರೆಸಿ ಹಾಕುವುದರಿಂದ ಅಲ್ಲಿ ಹೂವಿನ ಕಾಲ ಒಂದು ತಿಂಗಳ ಹತ್ತಿರಕ್ಕೆ ಹಿಗ್ಗುತ್ತದೆ. ಬೆಂಗಳೂರಿನಂಥ ಊರಿನ ಚಳಿ ಇದಕ್ಕೆ ಸಾಲದು. ಶೀತಪೆಟ್ಟಿಗೆಯಲ್ಲಿ ವಾರಗಟ್ಟಲೆ ಇಟ್ಟ ಗೆಡ್ಡೆ ಅಲ್ಲಿ ಒಮ್ಮೆ ಹೂಬಿಡಬಹುದು. ಬಿಸಿಲೇರಿದಂತೆ ಎಲೆ ಬೇಗ ಒಣಗುವುದರಿಂದ ಹೊಸ ಗೆಡ್ಡೆ ಬಲಿಯುವುದಿಲ್ಲ, ಮರುವರ್ಷಕ್ಕೆ ಮತ್ತೆ ಕೊಳ್ಳಬೇಕಾಗುತ್ತದೆ.