ಗೌರಿ ಹೂವು

ಗೌರಿ ಹೂವು ಅಥವಾ ಅಗ್ನಿಶಿಖೆಯು ಭಾರತದ ಕಾಡುಗಳಲ್ಲಿ ಸಹಜವಾಗಿ ಬೆಳೆಯುವ ಒಂದು ಬಹುವಾರ್ಷಿಕ ಗೆಡ್ಡೆಸಸ್ಯ. ಇದರ ವೈಜ್ಞಾನಿಕ ಹೆಸರು ಗ್ಲೋರಿಯೋಸಾ ಸುಪರ್ಬಾ. ಕಾಲ್ಚಿಕೇಸಿ ಕುಟುಂಬಕ್ಕೆ ಸೇರಿದೆ. ಹಿಂದೆ ಇದನ್ನು ಲಿಲಿಯೇಸಿ ಕುಟುಂಬದಲ್ಲಿ ಸೇರಿಸಲಾಗಿತ್ತು. ಗೆಡ್ಡೆಯ ಆಕಾರವು ನೇಗಿಲನ್ನು ಹೋಲುವುದರಿಂದ ಸಂಸ್ಕೃತದಲ್ಲಿ ಲಾಂಗಲಿ ಎಂಬ ಹೆಸರಿದೆ. ಮಲೆನಾಡಿನಲ್ಲಿ ಭಾದ್ರಪದದ ಗೌರಿ ಹಬ್ಬದ ಸುಮಾರಿಗೆ ಅರಳುವ ಕಾರಣ ಗೌರಿ ಹೂವೆಂದು ಕರೆಯುತ್ತಾರೆ. ಇದು ತಮಿಳುನಾಡಿನ ರಾಜ್ಯಪುಷ್ಪ ಹಾಗೂ ಜಿಂಬಾಬ್ವೆಯ ರಾಷ್ಟ್ರೀಯ ಪುಷ್ಪ. ಸಸ್ಯದ ಎಲ್ಲ ಭಾಗಗಳೂ ವಿಷಕಾರಿ.

ಆವಾಸ

ಭಾರತ, ಶ್ರೀಲಂಕಾ, ಆಗ್ನೇಯ ಏಷ್ಯಾ ಮತ್ತು ಆಫ್ರಿಕಾದ ಉಷ್ಣವಲಯದಲ್ಲಿ ಇದರ ನೆಲೆಯಿದೆ. ಕರ್ನಾಟಕದಲ್ಲಿ ಎಲೆಯುದುರುವ ಕಾಡುಗಳ ಅಂಚು, ಕುರುಚಲು ಪೊದೆ, ಬೇಲಿಸಾಲು ಹಾಗೂ ಕರಾವಳಿಯ ಮರಳುಭೂಮಿಗಳಲ್ಲಿ ಕಂಡುಬರುತ್ತದೆ.

ಸಸ್ಯ ವಿವರಣೆ

ಮುಂಗಾರಿನ ಮಳೆ ಬಿದ್ದೊಡನೆ ಗೆಡ್ಡೆಯಿಂದ ಕುಡಿ ಮೂಡುತ್ತದೆ. ಬಳ್ಳಿಯು ಸಾಮಾನ್ಯವಾಗಿ 3ರಿಂದ 4 ಮೀಟರ್ ಎತ್ತರಕ್ಕೆ ಹಬ್ಬುತ್ತದೆ. ಎಲೆಯ ತುದಿಯು ಸುರುಳಿಯಾಗಿ ಬಾಗಿ ಆಸರೆಯನ್ನು ಹಿಡಿದುಕೊಳ್ಳುವುದು ಇದರ ವಿಶೇಷ. ಹೂವಿಗೆ ಅಲೆಯಲೆಯಾದ ಅಂಚಿನ 6 ಎಸಳುಗಳಿದ್ದು, ಅವು ಹಿಮ್ಮುಖವಾಗಿ ಮೇಲಕ್ಕೆ ಮಡಚಿಕೊಂಡಿರುತ್ತವೆ. ಮೊದಲು ಹಸಿರು ಛಾಯೆಯ ಹಳದಿಯಾಗಿದ್ದು, ಕ್ರಮೇಣ ಕಿತ್ತಳೆ, ಬಳಿಕ ಕಡುಗೆಂಪಿಗೆ ತಿರುಗುತ್ತವೆ. ಶಲಾಕೆಯು ಬುಡದಲ್ಲಿಯೇ ಪಕ್ಕಕ್ಕೆ ಬಾಗಿ ಕೇಸರಗಳಿಂದ ದೂರವಿರುತ್ತದೆ. ಮಳೆಗಾಲ ಕಳೆದ ಮೇಲೆ ಬಳ್ಳಿ ಒಣಗುತ್ತದೆ. ಗೆಡ್ಡೆ ಮಾತ್ರ ನೆಲದಲ್ಲಿ ಜೀವಂತವಾಗಿ ಉಳಿಯುತ್ತದೆ.

ಬೇಸಾಯ ಮತ್ತು ಆರೈಕೆ

ನೀರು ಬಸಿದುಹೋಗುವ ಮರಳುಮಿಶ್ರಿತ ಕೆಂಪುಮಣ್ಣು ಸೂಕ್ತ. ನೀರು ನಿಂತರೆ ಗೆಡ್ಡೆ ಕೊಳೆಯುತ್ತದೆ. ಬುಡಕ್ಕೆ ತುಸು ನೆರಳು, ಬಳ್ಳಿಯ ತುದಿಗೆ ಬಿಸಿಲು ದೊರೆಯುವ ಸ್ಥಳ ಉತ್ತಮ.

ಬೀಜಗಳು ನಿಧಾನವಾಗಿಯೂ ಅಸಮವಾಗಿಯೂ ಮೊಳೆಯುತ್ತವೆ. ಬೀಜದ ಸಸಿ ಹೂಬಿಡಲು ಕೆಲವು ವರ್ಷಗಳೇ ಬೇಕು. ಆದ್ದರಿಂದ ಗೆಡ್ಡೆಯಿಂದ ಬೆಳೆಸುವುದು ರೂಢಿ. ಮೊಳಕೆಯು ಗೆಡ್ಡೆಯ ತುದಿಯಲ್ಲಿರುತ್ತದೆ. ಅದು ಮುರಿದರೆ ಆ ಭಾಗ ಚಿಗುರುವುದಿಲ್ಲವಾದ ಕಾರಣ ಬಹಳ ಎಚ್ಚರದಿಂದ ಹಿಡಿಯಬೇಕು. ಮಳೆಗಾಲದ ಆರಂಭದಲ್ಲಿ ಸುಮಾರು 6ರಿಂದ 8 ಸೆಂಟಿಮೀಟರ್ ಆಳದಲ್ಲಿ ಅಡ್ಡಲಾಗಿ ನೆಟ್ಟು, ಕುಡಿ ಮೂಡುವ ಮುನ್ನವೇ ಕಡ್ಡಿ ಅಥವಾ ತಂತಿಯ ಆಸರೆ ಕೊಡಬೇಕು. ಬಳ್ಳಿ ಒಣಗತೊಡಗಿದಾಗ ನೀರನ್ನು ಕಡಿಮೆ ಮಾಡಿ, ಬೇಸಗೆಯಲ್ಲಿ ಪೂರ್ತಿ ನಿಲ್ಲಿಸಬೇಕು. ಕುಂಡದಲ್ಲಿರುವ ಗೆಡ್ಡೆ ಸತ್ತಿತೆಂದು ಭಾವಿಸಿ ಎಸೆಯಬಾರದು. ಮುಂದಿನ ಮಳೆಗೆ ಅದು ಮತ್ತೆ ಚಿಗುರುತ್ತದೆ.

ಕಾಯಿ ಹೆಚ್ಚು ಕಟ್ಟಬೇಕಾದರೆ ಬೆಳಗಿನ ವೇಳೆ ಒಂದು ಹೂವಿನ ಪರಾಗವನ್ನು ಮತ್ತೊಂದರ ಶಲಾಕಾಗ್ರಕ್ಕೆ ಕೈಯಿಂದ ಸವರುವರು. ಪಾಲಿಟೀಲಾ ಗ್ಲೋರಿಯೋಸೇ ಎಂಬ ಪತಂಗದ ಕಂಬಳಿಹುಳು ಎಲೆಗಳನ್ನು ತಿಂದುಹಾಕುತ್ತದೆ. ಕೆಲವೇ ಬಳ್ಳಿಗಳಿದ್ದರೆ ಹುಳುಗಳನ್ನು ಆರಿಸಿ ತೆಗೆದರೆ ಸಾಕು.

ಉಪಯೋಗ

ಬೀಜ ಮತ್ತು ಗೆಡ್ಡೆಗಳಲ್ಲಿ ಕಾಲ್ಚಿಸಿನ್ ಎಂಬ ಕ್ಷಾರಾಭವಿದೆ. ಇದನ್ನು ಗೌಟ್ ಎಂಬ ಸಂಧಿರೋಗದ ಚಿಕಿತ್ಸೆಯಲ್ಲಿ ಬಳಸುತ್ತಾರೆ. ಕೋಶವಿಭಜನೆಯನ್ನು ತಡೆಯುವ ಗುಣವಿರುವುದರಿಂದ, ವರ್ಣತಂತುಗಳ ಸಂಖ್ಯೆಯನ್ನು ಇಮ್ಮಡಿಗೊಳಿಸಲು ಸಸ್ಯತಳಿ ವಿಜ್ಞಾನಿಗಳೂ ಉಪಯೋಗಿಸುತ್ತಾರೆ. ತಮಿಳುನಾಡಿನಲ್ಲಿ ಬೀಜಕ್ಕಾಗಿ ಇದನ್ನು ವಾಣಿಜ್ಯ ಬೆಳೆಯಾಗಿ ಬೆಳೆಯುತ್ತಾರೆ. ಆಯುರ್ವೇದವು ಲಾಂಗಲಿಯನ್ನು ಉಪವಿಷಗಳಲ್ಲಿ ಗಣಿಸಿದೆ.

ವಿಷಗುಣ

ಗೆಡ್ಡೆಯನ್ನು ಗೆಣಸೆಂದು ಭ್ರಮಿಸಿ ತಿಂದು ಮೃತಪಟ್ಟ ಪ್ರಸಂಗಗಳು ಭಾರತ ಮತ್ತು ಶ್ರೀಲಂಕಾಗಳಲ್ಲಿ ವರದಿಯಾಗಿವೆ. ಸೇವಿಸಿದ ಕೆಲವು ಗಂಟೆಗಳ ಅನಂತರ ವಾಂತಿ, ಭೇದಿ, ಹೊಟ್ಟೆನೋವು ಆರಂಭವಾಗಿ, ಮುಂದೆ ಮೂತ್ರಪಿಂಡ, ಹೃದಯ ಮೊದಲಾದ ಅಂಗಗಳು ವಿಫಲಗೊಳ್ಳಬಹುದು. ಲಕ್ಷಣಗಳು ತಡವಾಗಿ ತೋರುವುದರಿಂದ, ತಿಂದದ್ದು ತಿಳಿದೊಡನೆ ಕಾಯದೆ ಆಸ್ಪತ್ರೆಗೆ ಕರೆದೊಯ್ಯಬೇಕು. ಮಕ್ಕಳು, ಜಾನುವಾರುಗಳು ಸುಳಿದಾಡುವೆಡೆ ಇದನ್ನು ನೆಡಬಾರದು. ಗೆಡ್ಡೆಯನ್ನು ಕೈಗವಸು ತೊಟ್ಟು ಮುಟ್ಟುವುದು ಒಳಿತು.

ಸಂರಕ್ಷಣೆ

ಔಷಧಕ್ಕಾಗಿ ಕಾಡಿನ ಗೆಡ್ಡೆಗಳನ್ನು ಅಗೆಯುವುದರಿಂದ ಸಸ್ಯ ಸಮೂಲವಾಗಿ ನಾಶವಾಗುತ್ತದೆ. ಬೀಜ ಮಾತ್ರ ಸಂಗ್ರಹಿಸಿ ಗೆಡ್ಡೆಯನ್ನು ನೆಲದಲ್ಲಿಯೇ ಬಿಟ್ಟರೆ ಅದೇ ಬಳ್ಳಿ ಮರುವರ್ಷ ಮತ್ತೆ ಅರಳುತ್ತದೆ. ಮನೆಯಲ್ಲಿ ಬೆಳೆಸಬಯಸುವವರು ಕೃಷಿ ಮಾಡಿದ ಗೆಡ್ಡೆಗಳನ್ನೇ ಪಡೆಯುವುದು ಯುಕ್ತ.